ಥರ್ಮಾಮೀಟರ್ ಇಟ್ಟ ಜಾಗ

ಕಳೆದ ತಿಂಗಳು ನಮ್ಮ ಮೇಡಂ ತೀರಿಕೊಂಡರು. ಬೆಂಗಳೂರಿನ ಉಲ್ಲಾಳದ ಕಡೆ ಇರುವ ನಮ್ಮ ಕ್ಯಾಂಪಸ್ಸಿನ ಸೆಮಿನಾರ್ ಹಾಲಿನಲ್ಲಿ ಒಂದು ಸಭೆ ಇಟ್ಟಿದ್ದರು. ಮೇಜಿನ ಮೇಲೆ ಅವರ ಫೋಟೋ, ಫೋಟೋಗೆ ಸುಗಂಧರಾಜದ ಹಾರ. ಸುಗಂಧರಾಜದ ವಾಸನೆಗೆ ಮೇಡಂಗೆ ತಲೆನೋವು ಬರುತ್ತಿತ್ತು. ಹಾರ ತಂದವರಿಗೆ ಅದು ಗೊತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಈಗಿನ ಮುಖ್ಯಸ್ಥರು ಮೇಡಂ ಜೊತೆ ಒಂದು ದಿನವೂ ಕೆಲಸ ಮಾಡಿದವರಲ್ಲ. ಅವರು, "ಬದುಕಿನಲ್ಲಿ ಒಂದೇ ಒಂದು ಅಳತೆಯೂ ತಪ್ಪದ ವಿಜ್ಞಾನಿ" ಎಂದರು. ಹಾಲ್ ತುಂಬ ಜನ ತಲೆಯಾಡಿಸಿದರು.

ನಾನು ನೆಲ ನೋಡುತ್ತ ಕೂತಿದ್ದೆ. ಆ ಮಾತು ಮೇಡಂ ಕಿವಿಗೆ ಬಿದ್ದಿದ್ದರೆ, ಅವರು ಕೂತಲ್ಲಿಂದಲೇ ಕೈಯೆತ್ತಿ, "ಇವರೇ, ಒಂದ್ ನಿಮಿಷ" ಎಂದು ತಡೆಯುತ್ತಿದ್ದರು. ನನ್ನ ಸರದಿ ಬಂದಾಗ ನಾನು ಅವರು ತರುತ್ತಿದ್ದ ನಿಪ್ಪಟ್ಟಿನ ಬಗ್ಗೆ ಎರಡು ಮಾತು ಹೇಳಿ ಇಳಿದುಬಿಟ್ಟೆ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಎಲ್ಲರನ್ನೂ 'ಇವರೇ' ಎಂದೇ ಕರೆಯುತ್ತಿದ್ದರು. ಕುಲಪತಿಗಳೂ ಇವರೇ, ಕ್ಯಾಂಟೀನಿನವರೂ ಇವರೇ. ಹೆಸರು ನೆನಪಿರುತ್ತಿರಲಿಲ್ಲ ಅಂತಲ್ಲ. ಯಾರ ಹೆಸರಿಗೆ ಸರ್ ಹಚ್ಚಬೇಕು, ಯಾರಿಗೆ ಬಿಡಬೇಕು ಎನ್ನುವ ಲೆಕ್ಕಾಚಾರವೇ ಅವರಿಗೆ ಬೇಸರ. ನಾನು ಲ್ಯಾಬಿನ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ಇಂಜಿನಿಯರ್, ಸೇರಿದ ಮೊದಲ ದಿನದಿಂದ ಕೊನೆಯವರೆಗೂ ಇವರೇ ಆಗಿಯೇ ಉಳಿದೆ. ನನ್ನ ಮನೆ ದೀಪಾಂಜಲಿ ನಗರ, ಅವರದು ವಿಜಯನಗರ. ಸಂಜೆ ಒಂದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಅವರ ಬ್ಯಾಗಿನಿಂದ ನಿಪ್ಪಟ್ಟಿನ ಸ್ಟೀಲ್ ಡಬ್ಬಿ ಹೊರಗೆ ಬರುತ್ತಿತ್ತು.

ಮೇಡಂಗೆ ಮದುವೆಯಾಗಿರಲಿಲ್ಲ. ಅಪ್ಪ ಮಿಲ್ಲಿನಲ್ಲಿ ಕೆಲಸ ಮಾಡಿ ಕಟ್ಟಿಸಿದ ಮನೆಯಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಮಾತು ನೇರ. ಒಮ್ಮೆ ಮನೆಗೆ ಹೋದಾಗ ಅಕ್ಕ ನನ್ನನ್ನು ಕೇಳಿದರು, "ನೀವಾದ್ರೂ ಹೇಳಿ. ಇವಳು ಅಲ್ಲಿ ಮಾಡೋದೇನು?"

ಮೇಡಂ ಒಳಗಿನಿಂದಲೇ ಹೇಳಿದರು, "ಡಬ್ಬ ಮಾಡ್ತೀನಿ ಕಣಕ್ಕ. ಕಣ ಬಂದು ಅದರೊಳಗೆ ಹೊಕ್ಕು, ಚೂರುಚೂರಾಗಿ, ಅಲ್ಲೇ ನಿಂತುಹೋಗತ್ತೆ. ನಿಲ್ಲೋವಾಗ ಎಷ್ಟು ಬೆಳಕು ಕೊಡ್ತು ಅಂತ ನೋಡಿದ್ರೆ, ಅದು ಬರೋವಾಗ ಎಷ್ಟು ಶಕ್ತಿ ಹೊತ್ಕೊಂಡು ಬಂತು ಅಂತ ಗೊತ್ತಾಗತ್ತೆ."

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೆ."

ಆ ಡಬ್ಬವನ್ನು, ಅಂದರೆ ಕೆಲೋರಿಮೀಟರನ್ನು, ಅದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ನೋಡಿಲ್ಲ. ಹೊರದೇಶದಲ್ಲಿ ನೆಲದಡಿ ನಡೆಯುವ ದೊಡ್ಡ ಪ್ರಯೋಗವೊಂದಕ್ಕೆ ನಮ್ಮ ಪುಟ್ಟ ಲ್ಯಾಬು ಅಂಥ ಡಬ್ಬಗಳನ್ನು ಮಾಡಿಕೊಡಬೇಕಿತ್ತು. ಬೇರೆ ಬೇರೆ ದೇಶದವರೂ ಮಾಡುತ್ತಿದ್ದರು, ಎಲ್ಲ ಸೇರಿ ಒಂದು ಯಂತ್ರ. ಡಬ್ಬದೊಳಗೆ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆಗಳು. ಕಣ ಹಾಯ್ದಾಗ ಬಿಲ್ಲೆ ಮಿನುಗುತ್ತದೆ. ಪ್ರತಿ ಬಿಲ್ಲೆಯ ಹಿಂದೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಬೆಳಕಿನ ಸೆನ್ಸರ್ ಇದ್ದು, ಆ ಮಿನುಗನ್ನು ಹಿಡಿಯುತ್ತದೆ. ಕಷ್ಟ ಏನೆಂದರೆ ಒಂದು ಬಿಲ್ಲೆಯ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಜೋರು, ಒಂದು ಮಂದ. ಯಾವುದು ಎಷ್ಟು ಮಂದ ಎಂದು ತಿಳಿದುಕೊಂಡು, ಅದರ ಅಳತೆಯನ್ನು ಅಷ್ಟೇ ಹೆಚ್ಚಿಗೆ ಗುಣಿಸಬೇಕು. ಕ್ಯಾಲಿಬ್ರೇಶನ್ ಎಂದರೆ ಇದೇ. ಅದಕ್ಕೆ ಬೇಕಾದ ಕಣಗಳು ಆಕಾಶದಿಂದ ಪುಕ್ಕಟೆ ಬೀಳುತ್ತಲೇ ಇರುತ್ತವೆ. ಮ್ಯೂಆನ್ ಎಂದು ಹೆಸರು. ಅವು ಪ್ರತಿ ಬಿಲ್ಲೆಯಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯ ಬೆಳಕು ಬಿಟ್ಟು, ಡಬ್ಬ ದಾಟಿ, ನೆಲದೊಳಕ್ಕೆ ಹೋಗುತ್ತವೆ. ತಕ್ಕಡಿಗೆ ಬಟ್ಟು ಇದ್ದ ಹಾಗೆ.

"ನಮ್ಮ ತಾರಸಿ ಮೇಲೂ ಬೀಳತ್ತಾ?" ಅಕ್ಕ ಕೇಳಿದ್ದರು.

"ನಿನ್ನ ತಲೆ ಮೇಲೆ ಈಗ ಬೀಳ್ತಾ ಇದೆ."

ಅಕ್ಕ ಸೆರಗು ತಲೆಗೆ ಹೊದ್ದುಕೊಂಡರು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಲ್ಯಾಬಿನಲ್ಲಿ ಅವರಿಗೆ ಬೇರೆ ಮುಖ. ಯಾರಾದರೂ ಬಂದು "ಮೇಡಂ, ಕೇಬಲ್ ಸರಿಯಿದೆ" ಎಂದರೆ ಕನ್ನಡಕದ ಮೇಲಿಂದ ನೋಡಿ ಕೇಳುವರು: "ನೋಡಿದ್ರಾ, ಅಂದ್ಕೊಂಡ್ರಾ?" ನೋಡಿದೆ ಎಂದರೆ, "ಯಾವಾಗ ನೋಡಿದ್ರಿ?" ಬೆಳಿಗ್ಗೆ ಎಂದರೆ, "ಬೆಳಿಗ್ಗೆ ನೋಡಿದ್ರಿ, ಈಗ ಅಂದ್ಕೊಂಡ್ರಿ. ಹೋಗಿ ನೋಡ್ಕೊಂಡು ಬನ್ನಿ." ಹೊಸದಾಗಿ ಸೇರಿದ ರಿಸರ್ಚ್ ವಿದ್ಯಾರ್ಥಿಗಳು ಮೊದಲ ವಾರ ಅಳುತ್ತಿದ್ದರು, ಎರಡನೇ ವಾರಕ್ಕೆ ಅವರೇ ಒಬ್ಬರನ್ನೊಬ್ಬರು ಹಾಗೆ ಕೇಳಲು ಶುರುಮಾಡುತ್ತಿದ್ದರು.

ಒಂದು ಡಬ್ಬ ಸುಮ್ಮಸುಮ್ಮನೆ ಮಿನುಗು ತೋರಿಸುತ್ತಿತ್ತು. ಎಲ್ಲಿಂದಲೋ ಬೆಳಕು ಸೋರಿ ಒಳಗೆ ಹೋಗುತ್ತಿದೆ, ಎಲ್ಲಿಂದ ಅಂತ ನಮಗಾರಿಗೂ ಸಿಗಲಿಲ್ಲ. ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಅಂಗಾತ ಮಲಗಿ, ಡಬ್ಬದ ಅಡಿಗೆ ತಲೆ ತೂರಿಸಿದರು. ಒಂದು ಕೈಯಲ್ಲಿ ಟಾರ್ಚು, ಬಾಯಲ್ಲಿ ಕರಿ ಟೇಪಿನ ತುಂಡು. ಅದೇ ಹೊತ್ತಿಗೆ ಯಾರೋ ಅಧಿಕಾರಿಗಳು ಲ್ಯಾಬ್ ನೋಡಲು ಬಂದರು. ಮೇಡಂ ಎದ್ದೇಳಲಿಲ್ಲ. ಅಲ್ಲಿಂದಲೇ ಟೇಪು ಕಚ್ಚಿಕೊಂಡು, "ನಮಸ್ಕಾರ ಇವರೇ, ಕೂತ್ಕೊಳ್ಳಿ, ತೂತು ಸಿಕ್ತು, ಬಂದೆ" ಎಂದರು.

ಡಬ್ಬಗಳೆಲ್ಲ ಮುಗಿದು ಹಡಗು ಹತ್ತಿದ ವಾರ ಅವರ ಬಡಾವಣೆಯ ಸಂಘದವರು ಶಾಲು ಹೊದಿಸಿ ಸನ್ಮಾನ ಮಾಡಿದರು. ಸಂಘದ ಕಟ್ಟಡದ ಗೋಡೆಗೆ ಒಂದು ಫ್ಲೆಕ್ಸ್ ಹಾಕಿದರು. 'ನಮ್ಮ ಬಡಾವಣೆಯ ಹೆಮ್ಮೆ' ಎಂದು ಮೇಲೆ, ಮೇಡಂ ಮುಖ ನಡುವೆ, ಹಿಂದೆ ಒಂದು ರಾಕೆಟ್. ರಾಕೆಟ್ಟಿಗೂ ನಮಗೂ ಸಂಬಂಧವಿರಲಿಲ್ಲ. ಮೇಡಂ ಅದನ್ನು ನೋಡಿ ನಕ್ಕರು, ಆದರೆ ಒಳಗೊಳಗೆ ಅವರಿಗೆ ಖುಷಿಯಾಗಿತ್ತು. ಬಸ್ ಸ್ಟಾಪಿಗೆ ಹತ್ತಿರದ ದಾರಿ ಬೇರೆ ಇದ್ದರೂ ಆ ಗೋಡೆಯ ಮುಂದೆಯೇ ಬರುತ್ತಾಳೆ ಅಂತ ಅಕ್ಕ ಹೇಳಿ ರೇಗಿಸುತ್ತಿದ್ದರು. ಅಪ್ಪ ನೋಡಬೇಕಿತ್ತು ಎಂದು ಮೇಡಂ ನನಗೊಮ್ಮೆ ಬಸ್ಸಿನಲ್ಲಿ ಹೇಳಿದರು.

ಅಲ್ಲಿ ಹೊರದೇಶದಲ್ಲಿ ಡಬ್ಬಗಳನ್ನು ಜೋಡಿಸಿ ಚಾಲೂ ಮಾಡುವ ಕೆಲಸ ಶುರುವಾಯಿತು. ವಾರಕ್ಕೊಮ್ಮೆ ನಮಗೆ ಸಂಜೆಯಾಗುವ ಹೊತ್ತಿಗೆ ವೀಡಿಯೋ ಮೀಟಿಂಗು. ಗೋಡೆಯ ಮೇಲಿನ ಪರದೆಯಲ್ಲಿ ಹತ್ತಾರು ಮುಖಗಳು. ಅವುಗಳಲ್ಲಿ ಒಂದು ಧಾರವಾಡದ ಕಡೆಯ ಹುಡುಗಿಯದು. ಪಿಎಚ್‌ಡಿ ಮುಗಿಸಿ ಅಲ್ಲಿನ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಎಲ್ಲ ದೇಶಗಳ ಡಬ್ಬಗಳಿಗೂ ಒಂದೇ ಶಕ್ತಿಯ ಎಲೆಕ್ಟ್ರಾನುಗಳನ್ನು ಬಿಟ್ಟು, ಎಲ್ಲವೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡುವುದು ಅವಳ ಪಾಲಿನ ಕೆಲಸ.

ಒಂದು ವಾರ ಅವಳು ಒಂದು ನಕ್ಷೆ ತೋರಿಸಿದಳು. ಬೆಂಗಳೂರಿನ ಡಬ್ಬಗಳು ಮಾತ್ರ ಉಳಿದವಕ್ಕಿಂತ ಹೆಚ್ಚು ಶಕ್ತಿ ತೋರಿಸುತ್ತಿದ್ದವು. ಒಂದೆರಡಲ್ಲ, ಎಲ್ಲವೂ.

ಮೇಡಂ ಹೇಳಿದರು, ನಿಮ್ಮ ಕೇಬಲ್ ನೋಡಿ. ಮುಂದಿನ ವಾರ ಅವಳು ಕೇಬಲ್ ಬದಲಿಸಿ ಅದೇ ನಕ್ಷೆ ತಂದಳು. ಮೇಡಂ ಹೇಳಿದರು, ನಿಮ್ಮ ಎಲೆಕ್ಟ್ರಾನುಗಳ ಶಕ್ತಿ ಸರಿಯಿದೆಯಾ ನೋಡಿ. ಅದನ್ನೂ ನೋಡಿಕೊಂಡು ಬಂದಳು. ಹೀಗೆ ನಡೆಯುತ್ತ ನಡೆಯುತ್ತ ಮೇಡಂ ದನಿ ಏರತೊಡಗಿತು. ಈ ಕೆಲಸದಲ್ಲಿ ಕೂದಲು ಬೆಳ್ಳಗಾದ ನನಗೆ ಇವಳು ಹೇಳಿಕೊಡುತ್ತಾಳಾ ಎನ್ನುವುದು ಅವರ ಇಂಗ್ಲಿಷಿನಲ್ಲೂ ಕೇಳುತ್ತಿತ್ತು. ಅವಳಿಗೂ ಅದು ಕೇಳಿಸಿರಬೇಕು. ಇಂಗ್ಲಿಷ್ ಬಿಟ್ಟು, ಮನೆಯ ಹಿರಿಯರ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಕನ್ನಡದಲ್ಲಿ ಕೇಳಿದಳು.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಒಂದ ಕೇಳ್ತೀನಿ. ಥರ್ಮಾಮೀಟರ್ ಎಲ್ಲಿ ಇಟ್ಟಿದ್ರಿ?"

ಮೇಡಂ ಕೂಡ ಕನ್ನಡದಲ್ಲೇ ಉತ್ತರ ಕೊಟ್ಟರು. "ಜ್ವರ ಬಂದೋರ ಬಾಯಲ್ಲಿ ಇಡ್ತೀವಮ್ಮ. ನಿಂಗೆ ಬಂದಿದ್ಯಾ?"

ನಮ್ಮ ಕೋಣೆಯೆಲ್ಲ ಗೊಳ್ಳೆಂದಿತು. ಭಾಷೆ ತಿಳಿಯದ ಪರದೆಯ ಮುಖಗಳೂ, ಏನೋ ತಮಾಷೆ ಇರಬೇಕೆಂದು ನಕ್ಕವು. ಅವಳು ಕೂಡ ನಗಲು ನೋಡಿದಳು. ತುಟಿ ಅಗಲವಾಯಿತು, ಅಲ್ಲೇ ನಿಂತಿತು. ಆಮೇಲೆ ಅವಳ ಚೌಕದಲ್ಲಿ ಕ್ಯಾಮೆರಾ ಆಫ್ ಆಯಿತು. ಬಸ್ಸಿನಲ್ಲಿ ಬರುವಾಗ ಮೇಡಂ ಮಾತು ನೆನೆಸಿಕೊಂಡು ನಾವಿಬ್ಬರೂ ಇನ್ನೊಮ್ಮೆ ನಕ್ಕೆವು. ಇವತ್ತು ಬರೆಯುವಾಗ ಆ ನಗು ನನ್ನ ಬಾಯಿಂದ ಬಂದದ್ದೇ ಎನ್ನುವುದು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮುಂದಿನ ಮೀಟಿಂಗುಗಳಲ್ಲಿ ಅವಳು ನಕ್ಷೆ ತೋರಿಸಲಿಲ್ಲ. ಆಮೇಲಾಮೇಲೆ ಕಾಣಿಸಲೂ ಇಲ್ಲ. ನಾವು ಗಮನಿಸಲಿಲ್ಲ.

ಅವಳು ಕೇಳಿದ್ದು ಯಾಕೆಂದು ಹೇಳಿಬಿಡಬೇಕು. ಆ ಸಾಸಿವೆಯಂಥ ಸೆನ್ಸರುಗಳಿಗೆ ಸೆಖೆ ಆಗಿಬರುವುದಿಲ್ಲ. ಬಿಸಿಯಾದರೆ ಮಂದವಾಗುತ್ತವೆ. ಹಾಗಾಗಿ ಅಳೆಯುವಾಗ ಡಬ್ಬ ಎಷ್ಟು ಬಿಸಿಯಿತ್ತು ಎನ್ನುವುದೂ ಗೊತ್ತಿರಬೇಕು. ನಾವು ಥರ್ಮಾಮೀಟರನ್ನು ಡಬ್ಬದ ಹೊರಮೈಗೆ ಅಂಟಿಸಿದ್ದೆವು. ಒಳಗಿಡಲು ತೂತು ಕೊರೆಯಬೇಕು, ತೂತು ಕೊರೆದರೆ ಬೆಳಕು ಸೋರುತ್ತದೆ ಎಂದು ಮೇಡಂ ಹೇಳಿದ್ದರು. ಹೊರಗಿನ ಅಲ್ಯೂಮಿನಿಯಂ ಎಷ್ಟು ತಣ್ಣಗಿದೆಯೋ ಒಳಗೂ ಅಷ್ಟೇ ಇರುತ್ತದೆ ಎಂದೂ ಹೇಳಿದ್ದರು. ಎದುರಿಗೇ ಎಸಿ ಇತ್ತು.

ಅಲ್ಲಿಗೆ ಕಳಿಸದೆ ಉಳಿದ ಒಂದು ಡಬ್ಬ ನಮ್ಮ ಲ್ಯಾಬಿನ ಮೂಲೆಯಲ್ಲಿ ಸದಾ ಓಡುತ್ತಿತ್ತು. ಒಂದು ಬೆಳಿಗ್ಗೆ ಕರೆಂಟು ಹೋಯಿತು. ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ನಾನು ಎಲ್ಲ ಒಂದೊಂದಾಗಿ ಚಾಲೂ ಮಾಡಿದೆ. ಮೇಡಂ ತಮ್ಮ ಮೇಜಿನಲ್ಲಿ ಅವಲಕ್ಕಿ ತಿನ್ನುತ್ತ ಪರದೆ ನೋಡುತ್ತಿದ್ದರು. ಆಕಾಶದ ಕಣಗಳು ಬಿದ್ದ ಹಾಗೆ ಪರದೆಯಲ್ಲಿ ಒಂದು ಗುಡ್ಡ ಏಳುತ್ತದೆ. ಆ ಗುಡ್ಡದ ತುದಿ ಎಲ್ಲಿದೆ ಎನ್ನುವುದೇ ಬಿಲ್ಲೆಯ ಅಳತೆ. ಅವತ್ತು ತುದಿ ಎಂದಿನ ಜಾಗದಲ್ಲಿರಲಿಲ್ಲ, ಬಲಕ್ಕಿತ್ತು, ಅಂದರೆ ಸೆನ್ಸರುಗಳು ಎಂದಿಗಿಂತ ಚುರುಕಾಗಿದ್ದವು. ನೋಡುತ್ತಿದ್ದ ಹಾಗೆ, ಮಧ್ಯಾಹ್ನದ ಹೊತ್ತಿಗೆ, ಹೊಸದಾಗಿ ಏಳುತ್ತಿದ್ದ ಗುಡ್ಡಗಳು ಮೆಲ್ಲಗೆ ಎಡಕ್ಕೆ ಸರಿದು ಎಂದಿನ ಜಾಗಕ್ಕೆ ಬಂದು ಕೂತವು. ಅಷ್ಟು ಹೊತ್ತೂ ಹೊರಗಿನ ಥರ್ಮಾಮೀಟರ್ ಅಲ್ಲಾಡಲಿಲ್ಲ.

ಅವಲಕ್ಕಿಯ ಚಮಚ ಡಬ್ಬಿಯಲ್ಲೇ ಉಳಿಯಿತು. "ಇವರೇ, ಸೆನ್ಸರ್ ಆಫ್ ಮಾಡಿ. ಮುಚ್ಚಳ ತೆಗೀರಿ."

ತೆಗೆದೆ. ಮೇಡಂ ತೋಳಿನವರೆಗೆ ಕೈ ಒಳಗೆ ಹಾಕಿ, ಬಿಲ್ಲೆಗಳ ಹಿಂದೆ ನನ್ನ ಎಲೆಕ್ಟ್ರಾನಿಕ್ಸ್ ಕಾರ್ಡುಗಳಿದ್ದ ಕಡೆ ಅಂಗೈ ಒತ್ತಿ ನಿಂತರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೋಣೆಯಲ್ಲಿದ್ದ ಎಲ್ಲರನ್ನೂ ಕರೆದು, ಒಬ್ಬೊಬ್ಬರಿಗೂ ಕೈ ಹಾಕಿ ನೋಡಲು ಹೇಳಿದರು. ನಾನೂ ಹಾಕಿದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆಯ ಹಾಗೆ ಬೆಚ್ಚಗಿತ್ತು.

"ಬಿಸಿ ಇದೆಯಾ?"

"ಇದೆ ಮೇಡಂ."

"ಹೊರಗೆ ಮುಟ್ಟಿ."

ಹೊರಗೆ ತಣ್ಣಗಿತ್ತು.

"ನಾನು ಅಂದ್ಕೊಂಡೆ ಇವರೇ," ಎಂದರು. "ನೋಡ್ಲಿಲ್ಲ."

ಅವರು ಕುರ್ಚಿ ಎಳೆದುಕೊಳ್ಳದೆ ಅಲ್ಲೇ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ ಕೂತರು. ಥರ್ಮಾಮೀಟರನ್ನು ಒಳಗೆ ಹಿಡಿದು ನೋಡಿದರೆ, ಕಾರ್ಡುಗಳ ಬಿಸಿ ತಟ್ಟಿ ಸೆನ್ಸರುಗಳ ಜಾಗ ಹೊರಮೈಗಿಂತ ನಾಲ್ಕು ಡಿಗ್ರಿ ಜಾಸ್ತಿ ಇತ್ತು. ನಮ್ಮ ಸೆನ್ಸರುಗಳು ಆ ಬಿಸಿಗೆ ಮಂದವಾಗಿದ್ದವು. ಬಿಲ್ಲೆಗಳೇ ಮಂದ ಎಂದುಕೊಂಡು ನಾವು ಎಲ್ಲವನ್ನೂ ಜಾಸ್ತಿ ಗುಣಿಸಿ ಕಳಿಸಿದ್ದೆವು. ಅಲ್ಲಿ ಡಬ್ಬದೊಳಗೆ ತಣ್ಣೀರಿನ ಕೊಳವೆ ಹಾಯುತ್ತಿತ್ತು, ಸೆನ್ಸರುಗಳು ಚುರುಕಾಗಿದ್ದವು. ಆ ಹುಡುಗಿ ತೋರಿಸಿದ ನಕ್ಷೆಯ ಒಂದೊಂದು ಚುಕ್ಕೆಯೂ ಸರಿಯಾಗಿತ್ತು.

ಆಗಿನ ಮುಖ್ಯಸ್ಥರು ಒಳ್ಳೆಯವರೇ. ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ಹೇಳಿದಾಗ ಬಾಗಿಲು ಹಾಕಿಕೊಂಡು, "ಇದನ್ನ ದೊಡ್ಡದು ಮಾಡ್ಬೇಡಿ. ಹೊಸ ವರ್ಷನ್ ಅಂತ ತಿದ್ದಿದ ಅಂಕಿ ಕಳಿಸಿಬಿಡಿ. ಮುಂದಿನ ಕೆಲಸ ನಮಗೇ ಸಿಗೋ ಹಂತದಲ್ಲಿದೆ. ಯಾಕೆ ಬದಲಾಯ್ತು ಅಂತ ಯಾರು ಕೇಳ್ತಾರೆ?" ಎಂದರು.

"ಒಬ್ಬಳು ಕೇಳಿದ್ಲಲ್ಲ ಸಾರ್," ಎಂದರು ಮೇಡಂ. ಅವರ ಬಾಯಲ್ಲಿ 'ಸಾರ್' ಕೇಳಿದ್ದು ಅದೊಂದೇ ಸಲ. "ನಾನೇನಂದೆ ಅಂತ ನೀವೂ ಕೇಳಿಸ್ಕೊಂಡು ನಕ್ಕಿದ್ರಿ."

ಮುಂದಿನ ಮೀಟಿಂಗಿನಲ್ಲಿ ಮೇಡಂ ನಿಂತುಕೊಂಡೇ ಮಾತಾಡಿದರು. ಥರ್ಮಾಮೀಟರ್ ಹೊರಗಿತ್ತು, ಒಳಗಿನ ಬಿಸಿ ನಾವು ಅಳೆದಿರಲಿಲ್ಲ, ಅದು ನನ್ನ ತೀರ್ಮಾನ, ಬೇರೆ ಯಾರದೂ ಅಲ್ಲ. ಇಂಥವರು ಕೇಳಿದ್ದರು, ಅವರು ಸರಿ, ಅವರಿಗೆ ನಾನು ಅವಮಾನ ಮಾಡಿದೆ. ಆಮೇಲೆ ಅವಳ ಹೆಸರು ಕರೆದು ಕನ್ನಡಕ್ಕೆ ತಿರುಗಿ, "ತಪ್ಪಾಯ್ತಮ್ಮ" ಎಂದರು.

ಆಮೇಲೆ ಅವಳ ಸಂಸ್ಥೆಯ ಹಿರಿಯರೊಬ್ಬರು, ಆಕೆ ಈಗ ನಮ್ಮ ಸಂಸ್ಥೆಯಲ್ಲಿಲ್ಲ, ವಾಪಸು ಭಾರತಕ್ಕೆ ಹೋದರು ಎಂದರು. ಬೆಂಗಳೂರಿನ ಡಬ್ಬಗಳ ಹಿಂದೆ ಬಿದ್ದು ತುಂಬ ಕಾಲ ಕಳೆದುಬಿಟ್ಟರು, ಬೇರೆ ಕೆಲಸ ಹಿಂದುಳಿಯಿತು, ಹಾಗಾಗಿ ಅವಧಿ ಮುಗಿದ ಮೇಲೆ ಮುಂದುವರಿಸಲಿಲ್ಲ. ಅವರು ಅದನ್ನು ಹವಾಮಾನ ಹೇಳುವ ದನಿಯಲ್ಲಿ ಹೇಳಿದರು.

ಅವತ್ತು ಬಸ್ಸಿನಲ್ಲಿ ಡಬ್ಬಿ ಹೊರಗೆ ಬರಲಿಲ್ಲ. ನಾನು ಇಳಿಯಲು ಎದ್ದಾಗ ಮಾತ್ರ, "ಮನೆವರೆಗೂ ಬನ್ನಿ ಇವರೇ, ಒಂದು ಕೆಲಸ ಇದೆ" ಎಂದರು. ಮನೆಯಿಂದ ಸ್ಟೂಲು, ಈಳಿಗೆಮಣೆ ಪಕ್ಕದಲ್ಲಿದ್ದ ಚಾಕು ತಂದು ನೇರ ಸಂಘದ ಕಟ್ಟಡಕ್ಕೆ ನಡೆದರು. ನಾನು ಸ್ಟೂಲು ಹಿಡಿದೆ. ಅವರು ಹತ್ತಿ ಫ್ಲೆಕ್ಸಿನ ಹಗ್ಗ ಕೊಯ್ಯತೊಡಗಿದರು. ಬಣ್ಣ ಮಾಸಿ ಅವರ ಮುಖ ನೀಲಿಯಾಗಿತ್ತು, ರಾಕೆಟ್ ಮಾತ್ರ ಹಾಗೇ ಇತ್ತು.

ಎದುರಿನ ಹಾರ್ಡ್‌ವೇರ್ ಅಂಗಡಿಯವರೇ ಸಂಘದ ಸೆಕ್ರೆಟರಿ. ಓಡಿ ಬಂದರು. "ಮೇಡಂ, ಮೇಡಂ! ಏನಿದು? ಯಾರಾದ್ರೂ ಏನಾದ್ರೂ ಅಂದ್ರಾ?"

"ನಾನು ತಪ್ಪು ಅಳತೆ ಕಳಿಸಿದೀನಿ. ಇದು ಇಲ್ಲಿರಬಾರದು."

"ಎಷ್ಟು ತಪ್ಪು?"

"ಒಳಗೆ ನಾಲ್ಕು ಡಿಗ್ರಿ ಜಾಸ್ತಿ ಇತ್ತು. ನಾನು ನೋಡ್ಲಿಲ್ಲ."

"ನಾಲ್ಕು ಡಿಗ್ರೀನಾ!" ಅವರಿಗೆ ನಿಜವಾಗಿಯೂ ಸಮಾಧಾನವಾಯಿತು. "ಅಯ್ಯೋ, ನಾನು ಮಾರೋ ಗೀಸರಿಗೆ ಹತ್ತು ಡಿಗ್ರಿ ಹೆಚ್ಚುಕಮ್ಮಿ ಬರತ್ತೆ ಮೇಡಂ, ಕಂಪ್ನಿಯೋರೇ ಒಪ್ಕೋತಾರೆ. ಇಳೀರಿ ಕೆಳಗೆ, ಬಿದ್ರೆ ಏನು ಗತಿ!"

ಜನ ಸೇರಿದರು. ಮನೆ ಜಗಳ ಇರಬೇಕು ಎಂದು ಯಾರೋ ಅಂದರು. ಮೇಡಂ ಯಾರ ಮುಖವನ್ನೂ ನೋಡದೆ ಫ್ಲೆಕ್ಸ್ ಸುತ್ತಿ ಬಗಲಿಗಿಟ್ಟುಕೊಂಡು ಹೊರಟರು. ಬಾಗಿಲಲ್ಲೇ ಅಕ್ಕ ನಿಂತಿದ್ದರು. ಸುರುಳಿ ತೆಗೆದುಕೊಂಡು ಒಳಗೆ ಹೋದರು. ಅವತ್ತಿನಿಂದ ಮೇಡಂ ಬಸ್ ಸ್ಟಾಪಿಗೆ ಹತ್ತಿರದ ದಾರಿಯಲ್ಲೇ ಬರತೊಡಗಿದರು.

ಮೂಲೆಯ ಡಬ್ಬಕ್ಕೆ ಒಳಗೆ ಥರ್ಮಾಮೀಟರ್ ಇಟ್ಟು, ಸೋರಿಕೆ ಮುಚ್ಚಿ, ಎಷ್ಟು ಬಿಸಿಗೆ ಸೆನ್ಸರ್ ಎಷ್ಟು ಮಂದವಾಗುತ್ತದೆ ಎಂದು ಮೇಡಂ ಮೊದಲಿನಿಂದ ಅಳೆದು, ಕಳಿಸಿದ್ದ ಡಬ್ಬಗಳ ಲೆಕ್ಕವನ್ನೆಲ್ಲ ತಿದ್ದಿದರು. ತಿದ್ದಿದ ಅಂಕಿಗಳು ಅಲ್ಲಿಗೆ ಹೋದವು. ಡಬ್ಬಗಳು ಉಳಿದ ದೇಶಗಳ ಡಬ್ಬಗಳ ಜೊತೆ ಸಾಲಾಗಿ ಒಂದೇ ಉತ್ತರ ಕೊಟ್ಟವು, ಇವತ್ತಿಗೂ ಕೊಡುತ್ತಿವೆ. ಮುಂದಿನ ಕೆಲಸ ನಮಗೆ ಸಿಗಲಿಲ್ಲ. ಮೇಡಂಗೆ ನಿವೃತ್ತಿಯ ನಂತರ ಮುಂದುವರಿಯುವ ಅವಕಾಶವೂ ಸಿಗಲಿಲ್ಲ. ಬೀಳ್ಕೊಡುಗೆ ಬೇಡವೆಂದರು. ಕೊನೆಯ ದಿನ ಲ್ಯಾಬಿನ ಬೀಗದಕೈ ನನ್ನ ಮೇಜಿನ ಮೇಲಿಟ್ಟು, "ಎಸಿ ಆಫ್ ಮಾಡಿದೀನಿ, ಆದ್ರೂ ನೋಡ್ಬಿಡಿ" ಎಂದು ಹೋದರು.

ಆದರೆ ಆ ಹುಡುಗಿಯನ್ನು ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಅವಳ ಹಳೆಯ ಇಮೇಲ್ ಮುಚ್ಚಿಹೋಗಿತ್ತು. ಯಾರು ಯಾರನ್ನೋ ಕೇಳಿ ಕೊನೆಗೆ ಗೊತ್ತಾದಾಗ ಅವರು ನನಗೆ ಫೋನ್ ಮಾಡಿದರು. "ಇವರೇ, ಇಲ್ಲೇ ಇದ್ದಾಳಂತೆ. ರಾಜಾಜಿನಗರದಲ್ಲಿ. ಒಬ್ಬಳೇ ಹೋಗಕ್ಕೆ ನನ್ನ ಕೈಲಾಗಲ್ಲ."

ಒಂದು ಬೇಕರಿಯ ಮೇಲಿನ ಮಹಡಿ. ಪಿಯುಸಿ ಮಕ್ಕಳಿಗೆ ಕೋಚಿಂಗ್ ಕೊಡುವ ಜಾಗ. ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ. ಬಾಗಿಲ ಸಂದಿಯಲ್ಲಿ ಅವಳು ಕಂಡಳು, ಬೋರ್ಡಿನ ಮೇಲೆ ಇಳಿಜಾರಿನಲ್ಲಿ ಜಾರುವ ಇಟ್ಟಿಗೆಯ ಚಿತ್ರ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿದಳು. ಗುರುತು ಹಿಡಿಯಲು ಒಂದು ಗಳಿಗೆ ಸಾಕಾಯಿತು. ಮಾರ್ಕರ್ ಮುಚ್ಚಳ ಹಾಕಿ ಹೊರಗೆ ಬಂದಳು.

"ನಮಸ್ಕಾರ್ರಿ ಮೇಡಂ. ನೀವ್ಯಾಕ್ರಿ ಇಲ್ಲಿ ತನಕಾ..."

"ನೀನು ಸರಿಯಿದ್ದೆ," ಎಂದರು ಮೇಡಂ. ಕೈಲಿದ್ದ ಬ್ಯಾಗು ಎದೆಗೆ ಅವುಚಿಕೊಂಡಿದ್ದರು. "ಎಲ್ಲರ ಮುಂದೆ ನಿನ್ನ ನಗೆಪಾಟಲು ಮಾಡಿದೆ. ಈಗ ಎಲ್ಲರ ಮುಂದೇನೇ ಹೇಳ್ಬೇಕು. ಒಳಗೆ ಬರ್ತೀನಮ್ಮ, ನಿನ್ನ ಸ್ಟೂಡೆಂಟ್ಸ್ ಮುಂದೆ ಹೇಳ್ತೀನಿ."

ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ್ರಿ."

"ಒಂದೇ ನಿಮಿಷ..."

"ಬ್ಯಾಡ್ರಿ ಮೇಡಂ. ಇವ್ರಿಗೆ ನಾ ಅಲ್ಲಿದ್ದೆ ಅನ್ನೋದ ಗೊತ್ತಿಲ್ಲ. ಇಲ್ಲಿ ನಂಗ ಮರ್ಯಾದಿ ಐತಿ. ನೀವು ಒಳಗ ಬಂದು ಹೇಳಿದ್ರ, ನಾ ಅಲ್ಲಿಂದ ಯಾಕ ಬಂದೆ ಅಂತ ಕೇಳ್ತಾರ."

ಮೇಡಂ ಮೆಟ್ಟಿಲಿನ ಕಂಬಿ ಹಿಡಿದುಕೊಂಡರು. ತಪ್ಪು ಒಪ್ಪಿಕೊಳ್ಳಲು ಬಂದು ಅವಳಿಗೆ ಇನ್ನೊಂದು ಅವಮಾನ ಹೊತ್ತು ತಂದಿದ್ದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಕೆಳಗಿನ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ಚಪ್ಪಲಿಗಳನ್ನು ನೋಡಿದೆ.

"ಬೈದುಬಿಡಮ್ಮ," ಎಂದರು ಮೇಡಂ.

"ಏನಂತ ಬೈಲ್ರಿ?" ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಅವತ್ತ ನೀವು ಹಂಗ ಅಂದ ಮ್ಯಾಲೆ ರೂಮಿಗೆ ಹೋಗಿ ನಾ ಮತ್ತ ಎಲ್ಲಾ ಲೆಕ್ಕ ಮಾಡಿದೆ. ಮತ್ತ ಅದ ಬಂತು. ಆದ್ರ ಇಷ್ಟು ದೊಡ್ಡವ್ರು ಅಂತಾರಂದ್ರ ನಂದ ಎಲ್ಲೋ ತಪ್ಪಿರಬೇಕು ಅಂದ್ಕೊಂಡೆ. ಮಾಡ್ತಾ ಮಾಡ್ತಾ ನಿಮ್ಮನ್ನ ನಂಬಿಬಿಟ್ಟೆ. ನನ್ನ ಕೆಲಸ ಹೋಗಿದ್ದಕ್ಕ ನಂಗ ಅಷ್ಟು ಬ್ಯಾಸರ ಇಲ್ರಿ. ನನ್ನ ಲೆಕ್ಕ ನಾನ ಬಿಟ್ಟುಕೊಟ್ನಲ್ಲ, ಅದಕ್ಕ."

ತಿದ್ದಿದ ಅಳತೆಯ ವರದಿಯಲ್ಲಿ ಮೇಡಂ ಅವಳ ಹೆಸರನ್ನೇ ಮೊದಲು ಹಾಕಿದ್ದರು. ಅದನ್ನು ನಾನೇ ಹೇಳಿದೆ. ಅವಳು ಹೂಂ ಎಂದಳು, ಅಷ್ಟೆ. ಒಳಗೆ ಮಕ್ಕಳ ಗಲಾಟೆ ಜೋರಾಯಿತು. ಅವಳು ತಿರುಗಿ ಬಾಗಿಲಿಗೆ ಕೈ ಹಾಕಿದವಳು ನಿಂತಳು.

"ಎಷ್ಟು ಡಿಗ್ರಿ ಫರಕ್ ಇತ್ರಿ?"

"ನಾಲ್ಕು," ಎಂದರು ಮೇಡಂ.

ಅವಳ ಮುಖ ಒಂದು ಕ್ಷಣ ಪೂರ್ತಿ ಬೇರೆಯಾಯಿತು. ಪರದೆಯಲ್ಲಿ ನಕ್ಷೆ ತೋರಿಸುತ್ತಿದ್ದ ಹುಡುಗಿ ಅಲ್ಲಿದ್ದಳು. "ನಂದೂ ಅಷ್ಟ ಬಂದಿತ್ತು," ಎಂದು ಹೇಳಿ ಒಳಗೆ ಹೋದಳು. "ಸೈಲೆನ್ಸ್" ಎನ್ನುವ ದನಿ, ಆಮೇಲೆ ಬೋರ್ಡಿನ ಮೇಲೆ ಮಾರ್ಕರಿನ ಕಿರಿಕಿರಿ ಕೇಳಿತು.

ವಿಜಯನಗರದ ಬಸ್ಸು ಖಾಲಿಯಿತ್ತು. ಮೇಡಂ ಕಿಟಕಿ ಪಕ್ಕ ಕೂತರು. ಬಸವೇಶ್ವರನಗರ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದರು.

"ಇವರೇ, ಅವಳು ನನ್ನ ಕ್ಷಮಿಸಿದ್ಲಾ?"

ನನಗೆ ಒಳ್ಳೆಯ ಮಾತೇನಾದರೂ ಹೇಳಬೇಕೆನಿಸಿತು. ಆದರೆ ಅವರ ಮುಂದೆ ಇಲ್ಲದ್ದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ.

"ಗೊತ್ತಾಗ್ಲಿಲ್ಲ ಮೇಡಂ."

"ಹೂಂ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು, ಕನ್ನಡಕವನ್ನೂ ಒರೆಸಿಕೊಂಡರು. "ಹಾಗೇ ಇರ್ಲಿ. ಕ್ಷಮಿಸಿದೀನಿ ಅಂದಿದ್ರೆ ನಾಳೆಯಿಂದ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ಬಿಡ್ತಿದ್ದೆ."